ಬೇರುನಾಳವನ್ನು ತುಂಬುವ ವಿಧಾನಗಳು: ಹೋಲಿಕೆಯ ಮಾನದಂಡವನ್ನು ಕುರಿತು ಒಂದು ವಿಮರ್ಶೆ

ಹುಳುಕು ಹಿಡಿದು ತಿರುಳು ಕೆಟ್ಟ ಹಲ್ಲನ್ನು ಕೀಳದೆ ಉಳಿಸಿಕೊಳ್ಳುವುದಕ್ಕಾಗಿ ದಂತವೈದ್ಯರು ಕೈಗೊಳ್ಳುವ ಬೇರುನಾಳದ ಚಿಕಿತ್ಸೆ ಈಗ ಬಹುಮಟ್ಟಿಗೆ ಎಲ್ಲರಿಗೂ ಪರಿಚಿತವಾದದ್ದು. ಆದರೆ ಆ ಚಿಕಿತ್ಸೆಯ ಕೊನೆಯ ಘಟ್ಟದಲ್ಲಿ, ಬರಿದುಮಾಡಿದ ನಾಳವನ್ನು ಯಾವ ಬಗೆಯಿಂದ ತುಂಬಬೇಕು ಎಂಬ ವಿಷಯದಲ್ಲಿ ತಜ್ಞರಲ್ಲಿ ಇನ್ನೂ ಒಮ್ಮತವಿಲ್ಲ. ಎರಡು ಅಥವಾ ಮೂರು ವಿಧಾನಗಳನ್ನು ಎದುರುಬದುರಾಗಿ ಇಟ್ಟು ಪರೀಕ್ಷಿಸುವ ಪ್ರಬಂಧಗಳು ಸಂಶೋಧನ ಪತ್ರಿಕೆಗಳಲ್ಲಿಯೂ ಸ್ನಾತಕೋತ್ತರ ವಿದ್ಯಾರ್ಥಿಗಳ ನಿಬಂಧಗಳಲ್ಲಿಯೂ ವರ್ಷವರ್ಷವೂ ಬರುತ್ತಲೇ ಇವೆ. ಈ ಲೇಖನದಲ್ಲಿ ನಾವು ಅಂತಹ ಮತ್ತೊಂದು ಹೋಲಿಕೆಯನ್ನು ಮಾಡಹೊರಟಿಲ್ಲ. ಈವರೆಗಿನ ಹೋಲಿಕೆಗಳನ್ನು ಯಾವ ಅಳತೆಗೋಲಿನಿಂದ ಮಾಡುತ್ತ ಬಂದಿದ್ದಾರೆ, ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ಕಾಫಿಯ ಬೆಟ್ಟಗಳಲ್ಲಿ ವಾಸಿಸುವ ರೋಗಿಗೆ ಆ ಅಳತೆಗೋಲು ಎಷ್ಟರಮಟ್ಟಿಗೆ ಅನ್ವಯಿಸುತ್ತದೆ ಎಂಬುದನ್ನು ವಿಚಾರಿಸುವುದೇ ನಮ್ಮ ಉದ್ದೇಶ.

ಈ ಪ್ರದೇಶವನ್ನು ಆರಿಸಿಕೊಂಡದ್ದಕ್ಕೆ ಕಾರಣವುಂಟು. ಇಲ್ಲಿಯ ಜೀವನ ಎರಡು ಕಾಲಗಳ ಕಟ್ಟಿಗೆ ಒಳಪಟ್ಟದ್ದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ನವೆಂಬರ್‌ನಿಂದ ಫೆಬ್ರವರಿ ಮಾರ್ಚ್‌ಗಳವರೆಗೆ ಮೊದಲು ಅರೇಬಿಕಾ, ಆಮೇಲೆ ರೊಬಸ್ಟ ಕಾಫಿಯ ಕುಯ್ಲು. ಮಳೆಗಾಲದಲ್ಲಿ ರಸ್ತೆಗಳನ್ನು ನಂಬುವಂತಿಲ್ಲ. ೨೦೧೯ರ ಆಗಸ್ಟ್ ತಿಂಗಳಲ್ಲಿ ಗುಡ್ಡಗಳು ಕುಸಿದು ಚಾರ್ಮಾಡಿ ಘಾಟಿಯ ಹಾದಿಯೇ ಮುಚ್ಚಿಹೋದದ್ದನ್ನು ಇಲ್ಲಿಯವರು ಮರೆತಿಲ್ಲ. ಕುಯ್ಲಿನ ಕಾಲದಲ್ಲಿ ದಿನಗೂಲಿಯನ್ನು ಬಿಟ್ಟು ಪೇಟೆಗೆ ಹೋಗುವುದು ಕೂಲಿಕಾರರಿಗೆ ಸುಲಭವಲ್ಲ. ದಂತವೈದ್ಯ ಕಾಲೇಜುಗಳಿರುವ ಮಂಗಳೂರು, ಸುಳ್ಯ, ಮಣಿಪಾಲಗಳು ಘಟ್ಟದ ಕೆಳಗಿವೆ. ಹಾಸನ, ಶಿವಮೊಗ್ಗಗಳು ಜಿಲ್ಲೆಯ ಆಚೆಗಿವೆ. ಇದರ ಮೇಲೆ ಎಲೆಯಡಿಕೆ ಹಾಕಿಕೊಳ್ಳುವ ರೂಢಿ ಮಲೆನಾಡಿನಲ್ಲಿ ಬಲವಾದದ್ದು. ಗಟ್ಟಿ ಅಡಿಕೆಯನ್ನು ಬಹುಕಾಲ ಅಗಿದ ಹಲ್ಲು ಸವೆಯುವುದೂ ಬಿರುಕು ಬಿಡುವುದೂ ವೈದ್ಯರು ಬಲ್ಲ ಸಂಗತಿಯೇ. ಹೀಗೆ ಚಿಕಿತ್ಸೆ ಬೇಕಾದ ಹಲ್ಲುಗಳು ಇರುವ ಕಡೆಯಲ್ಲಿ ಚಿಕಿತ್ಸೆಗೆ ಬೇಕಾದ ದಿನಗಳ ಅಭಾವವಿದೆ.

ಮೊದಲು ವಿಧಾನಗಳ ಸ್ವರೂಪವನ್ನು ಸ್ಥೂಲವಾಗಿ ತಿಳಿಯುವುದು ಒಳ್ಳೆಯದು. ನಾಳವನ್ನು ತುಂಬುವ ಮುಖ್ಯದ್ರವ್ಯ ಗಟ್ಟಾ ಪರ್ಚಾ. ಇದು ಮಲಯ ದೇಶದ ಪಲಾಕ್ವಿಯಮ್ ಎಂಬ ಕುಲದ ಮರಗಳ ಹಾಲಿನಿಂದ ಬರುವ ವಸ್ತು; ಅದೇ ಕುಲದ ಇನ್ನೊಂದು ಮರ ಪಶ್ಚಿಮಘಟ್ಟದ ನಿತ್ಯಹಸುರಿನ ಕಾಡುಗಳಲ್ಲಿಯೂ ಬೆಳೆಯುತ್ತದೆ, ಅದನ್ನು ಕನ್ನಡದಲ್ಲಿ ಹಡಸಲೆ ಎನ್ನುತ್ತಾರೆ. ಅಮೆರಿಕದ ಬೋಮನ್ ಎಂಬ ವೈದ್ಯನು ಗಟ್ಟಾ ಪರ್ಚಾವನ್ನು ಬೇರುನಾಳಕ್ಕೆ ತುಂಬಿ ತೋರಿಸಿದ್ದು ೧೮೬೭ರಲ್ಲಿ ಎಂದು ಇತಿಹಾಸಕಾರರು ಹೇಳುತ್ತಾರೆ. ಇಂದಿನ ಕಡ್ಡಿಗಳಲ್ಲಿ ಸುಮಾರು ಐದರಲ್ಲೊಂದು ಪಾಲು ಮಾತ್ರ ಗಟ್ಟಾ ಪರ್ಚಾ ಇದ್ದು ಉಳಿದದ್ದರಲ್ಲಿ ಹೆಚ್ಚಿನ ಭಾಗ ಸತುವಿನ ಆಕ್ಸೈಡ್ ಆಗಿರುತ್ತದೆ. ಈ ಕಡ್ಡಿ ನಾಳದ ಗೋಡೆಗೆ ತಾನಾಗಿ ಅಂಟಿಕೊಳ್ಳುವುದಿಲ್ಲವಾದ್ದರಿಂದ ಜೊತೆಗೆ ಒಂದು ಲೇಪ ಬೇಕಾಗುತ್ತದೆ.

ಕಡ್ಡಿಯನ್ನೂ ಲೇಪವನ್ನೂ ಕೂಡಿಸುವ ಬಗೆಯಲ್ಲಿ ಭೇದಗಳು ಹುಟ್ಟುತ್ತವೆ. ಮುಖ್ಯವಾದ ಕಡ್ಡಿಯೊಂದನ್ನು ಇಳಿಸಿ, ಮೊನೆಯಾದ ಉಪಕರಣದಿಂದ ಅದನ್ನು ಪಕ್ಕಕ್ಕೆ ಒತ್ತಿ, ಒದಗಿದ ಜಾಗದಲ್ಲಿ ಸಣ್ಣ ಕಡ್ಡಿಗಳನ್ನು ಒಂದಾದಮೇಲೊಂದರಂತೆ ಸೇರಿಸುವುದು ಪಾರ್ಶ್ವಸಂಮರ್ದನ ವಿಧಾನ. ಕಾಲೇಜುಗಳಲ್ಲಿ ಎಲ್ಲಕ್ಕೂ ಮೊದಲು ಕಲಿಸುತ್ತ ಬಂದಿರುವುದು ಇದೇ. ಗಟ್ಟಾ ಪರ್ಚಾವನ್ನು ನಾಳದೊಳಗೇ ಕಾಸಿ ಮೃದುಮಾಡಿ ಮೇಲಿನಿಂದ ಕೆಳಕ್ಕೆ ಒತ್ತುವುದು ಎರಡನೆಯದು. ಷಿಲ್ಡರ್ ಎಂಬ ವಿದ್ವಾಂಸರು ೧೯೬೭ರಲ್ಲಿ ಇದನ್ನು ಪ್ರತಿಪಾದಿಸಿ, ನಾಳವನ್ನು ಉದ್ದಗಲ ಆಳ ಎಂಬ ಮೂರು ಮುಖಗಳಲ್ಲಿಯೂ ತುಂಬಬೇಕೆಂಬ ಮಾತನ್ನು ಪ್ರಚಾರಕ್ಕೆ ತಂದರು. ಒಂದು ಹುರಿಯ ಸುತ್ತ ಗಟ್ಟಾ ಪರ್ಚಾವನ್ನು ಮೆತ್ತಿ ಕಾಸಿ ಒಂದೇ ಸಲ ಇಳಿಸುವ ವಿಧಾನವನ್ನು ಜಾನ್ಸನ್ ೧೯೭೮ರಲ್ಲಿ ವಿವರಿಸಿದರು. ನಾಳದ ಅಳತೆಗೆ ಸರಿಯಾದ ಒಂದೇ ಕಡ್ಡಿಯನ್ನು ಕ್ಯಾಲ್ಸಿಯಂ ಸಿಲಿಕೇಟಿನ ಲೇಪದೊಡನೆ ಇಳಿಸಿ ಮುಗಿಸುವುದು ಈಚಿನದು. ‘ಬಯೋಸೆರಾಮಿಕ್’ ಎಂದು ವಾಡಿಕೆಯಲ್ಲಿ ಕರೆಯುವ ಈ ಲೇಪ ಹಲ್ಲಿನ ತೇವವನ್ನೇ ಹೀರಿಕೊಂಡು ಗಟ್ಟಿಯಾಗುತ್ತದೆ.

ಇವುಗಳಲ್ಲಿ ಯಾವುದು ಮೇಲು? ಈ ಪ್ರಶ್ನೆಗೆ ಉತ್ತರ ಹೇಳುವುದಕ್ಕೆ ಬಹುಕಾಲ ಬಳಸಿದ ಸಾಧನ ಸೋರಿಕೆಯ ಪರೀಕ್ಷೆ. ಕಿತ್ತ ಹಲ್ಲುಗಳನ್ನು ಕೂಡಿಹಾಕಿ, ಅವುಗಳ ನಾಳಗಳನ್ನು ಬೇರೆಬೇರೆ ವಿಧಾನಗಳಿಂದ ತುಂಬಿ, ಬಣ್ಣದಲ್ಲಿ ಅದ್ದಿ, ಸೀಳಿ, ಬಣ್ಣ ಎಷ್ಟು ದೂರ ಇಳಿದಿದೆಯೆಂದು ಅಳೆಯುವುದು ಇದರ ಕ್ರಮ. ಮಿಲಿಮೀಟರಿನಲ್ಲಿ ಸಿಗುವ ಈ ಫಲ ನೋಡುವುದಕ್ಕೆ ಅಚ್ಚುಕಟ್ಟಾಗಿರುತ್ತದೆ. ಕೆಲವೇ ತಿಂಗಳಲ್ಲಿ ನಿಬಂಧವೂ ಸಿದ್ಧವಾಗುತ್ತದೆ. ಆದರೆ ಬಣ್ಣ ಇಳಿದ ದೂರಕ್ಕೂ ಹಲ್ಲಿನ ಅಳಿವು ಉಳಿವಿಗೂ ಸಂಬಂಧವೇನೆಂಬುದನ್ನು ಆ ಪರೀಕ್ಷೆ ಹೇಳಲಾರದು. ಆಲಿವರ್ ಮತ್ತು ಅಬಟ್ ಎಂಬವರು ೨೦೦೧ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ರೋಗಿಯ ಬಾಯಲ್ಲಿದ್ದಾಗಲೇ ತುಂಬಿದ್ದ ಬೇರುಗಳನ್ನು ತೆಗೆದು ಪರೀಕ್ಷಿಸಿದರು. ಚಿಕಿತ್ಸೆ ಫಲಿಸಿದ್ದ ಬೇರುಗಳೂ ವಿಫಲವಾಗಿದ್ದ ಬೇರುಗಳೂ ಅವುಗಳಲ್ಲಿದ್ದುವು. ಬಣ್ಣ ಬಹುತೇಕ ಎಲ್ಲದರೊಳಕ್ಕೂ ಇಳಿಯಿತು. ೨೦೦೭ರಲ್ಲಿ ಈ ಶಾಖೆಯ ಪ್ರಮುಖ ಅಮೆರಿಕನ್ ಪತ್ರಿಕೆಯ ಸಂಪಾದಕಮಂಡಲಿಯೇ ಸೋರಿಕೆಯ ಅಧ್ಯಯನಗಳ ಉಪಯೋಗವನ್ನು ಪ್ರಶ್ನಿಸಿ ಬರೆಯಿತು.

ಈ ಅಳತೆಗೋಲನ್ನು ನೆಚ್ಚಿದ್ದರಿಂದ ಆದ ಹಾನಿಗೆ ರೆಸಿಲಾನ್ ಎಂಬ ದ್ರವ್ಯದ ಕಥೆ ನಿದರ್ಶನ. ಗಟ್ಟಾ ಪರ್ಚಾಕ್ಕೆ ಬದಲಾಗಿ ಬಂದ ಈ ದ್ರವ್ಯ ಲೇಪದೊಡನೆಯೂ ಹಲ್ಲಿನ ಗೋಡೆಯೊಡನೆಯೂ ಬೆಸೆದುಕೊಂಡು ಒಂದಾಗುತ್ತದೆಂದು ಹೇಳಲಾಯಿತು. ೨೦೦೪ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ರೋಗಾಣುಗಳು ಗಟ್ಟಾ ಪರ್ಚಾಕ್ಕಿಂತ ಇದರಲ್ಲಿ ಕಡಮೆಯಾಗಿ ನುಸುಳಿದುವು. ವೈದ್ಯರು ಅದನ್ನು ಉತ್ಸಾಹದಿಂದ ಸ್ವೀಕರಿಸಿದರು. ವರ್ಷಗಳು ಕಳೆದ ಮೇಲೆ ರೋಗಿಗಳ ಬಾಯಲ್ಲಿ ಅದು ಶಿಥಿಲವಾಗುವುದೂ, ಗಟ್ಟಾ ಪರ್ಚಾ ತುಂಬಿದ ಹಲ್ಲುಗಳಿಗಿಂತ ಅದನ್ನು ತುಂಬಿದ ಹಲ್ಲುಗಳು ಹೆಚ್ಚಾಗಿ ಸೋಲುವುದೂ ಕಂಡುಬಂದುವು. ದ್ರವ್ಯವು ಮಾರುಕಟ್ಟೆಯಿಂದ ಮರೆಯಾಯಿತು. ಮೇಜಿನ ಮೇಲಿನ ಗೆಲುವನ್ನು ಬಾಯೊಳಗಿನ ಗೆಲುವೆಂದು ಭಾವಿಸಿದವರ ತಪ್ಪಿಗೆ ದಂಡ ತೆತ್ತವರು ರೋಗಿಗಳು.

ಎರಡನೆಯ ಅಳತೆಗೋಲು ಇದಕ್ಕಿಂತ ಪ್ರಾಮಾಣಿಕವಾದದ್ದು; ಅದು ಚಿಕಿತ್ಸೆ ಪಡೆದ ರೋಗಿಗಳನ್ನು ವರ್ಷಗಳವರೆಗೆ ಹಿಂಬಾಲಿಸಿ, ಬೇರಿನ ತುದಿಯ ಉರಿಯೂತ ಮಾಯ್ದಿದೆಯೇ ಇಲ್ಲವೇ ಎಂದು ಕ್ಷಕಿರಣ ಚಿತ್ರದಲ್ಲಿ ನೋಡುವುದು. ೨೦೦೭ರಲ್ಲಿ ಪೆಂಗ್ ಮತ್ತು ಸಂಗಡಿಗರು ಹತ್ತು ಅಧ್ಯಯನಗಳ ಫಲವನ್ನು ಕೂಡಿಸಿ ವಿಶ್ಲೇಷಿಸಿದಾಗ, ಕಾಸಿದ ಗಟ್ಟಾ ಪರ್ಚಾಕ್ಕೂ ಪಾರ್ಶ್ವಸಂಮರ್ದನಕ್ಕೂ ಚಿಕಿತ್ಸೋತ್ತರ ನೋವಿನಲ್ಲಾಗಲಿ ದೂರಕಾಲದ ಫಲದಲ್ಲಾಗಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ದ್ರವ್ಯವು ಬೇರಿನ ತುದಿಯನ್ನು ದಾಟಿ ಹೊರಕ್ಕೆ ಹೋಗುವುದು ಮಾತ್ರ ಕಾಸುವ ವಿಧಾನದಲ್ಲಿ ಹೆಚ್ಚು. ಇದಕ್ಕೆ ಎದುರಾಗಿ, ಟೊರಾಂಟೊ ನಗರದ ದೀರ್ಘ ಅಧ್ಯಯನವು ಷಿಲ್ಡರರ ಕ್ರಮವನ್ನು ಅನುಸರಿಸಿದ ಹಲ್ಲುಗಳು ಹೆಚ್ಚಾಗಿ ಮಾಯ್ದುವೆಂದು ಸೂಚಿಸಿತು. ಆದರೆ ಷಿಲ್ಡರರ ಕ್ರಮದಲ್ಲಿ ತುಂಬುವ ಬಗೆ ಮಾತ್ರವಲ್ಲದೆ ನಾಳವನ್ನು ಅಗಲಿಸಿ ತೊಳೆಯುವ ಬಗೆಯೂ ಬೇರೆಯೇ. ಫಲದ ಕೀರ್ತಿ ಯಾವುದಕ್ಕೆ ಸಲ್ಲಬೇಕೆಂದು ವಿಂಗಡಿಸುವುದು ಕಷ್ಟ. ಒಂದೇ ಕಡ್ಡಿಯ ವಿಧಾನದ ಪಕ್ಷದಲ್ಲಿ ೨೦೧೮ರ ಒಂದು ಅಧ್ಯಯನವನ್ನು ಉದಾಹರಿಸುವುದುಂಟು. ಅದರಲ್ಲಿ ೩೦೭ ಹಲ್ಲುಗಳ ಪೈಕಿ ಶೇಕಡ ೯೦.೯ರಷ್ಟು ಸಫಲವಾದುವು. ಸಂಖ್ಯೆ ಸಮಾಧಾನಕರವಾದದ್ದೇ, ಆದರೆ ಅದು ಹಳೆಯ ದಾಖಲೆಗಳನ್ನು ಹಿಂದಿರುಗಿ ನೋಡಿದ ಅಧ್ಯಯನ, ಹೋಲಿಸುವುದಕ್ಕೆ ಎದುರುಗುಂಪು ಅದರಲ್ಲಿರಲಿಲ್ಲ.

೨೦೦೮ರಲ್ಲಿ ಪ್ರಕಟವಾದ ಒಂದು ವ್ಯವಸ್ಥಿತ ಪರಾಮರ್ಶೆ ನಮ್ಮ ವಿಚಾರಕ್ಕೆ ಬಹಳ ಸಹಾಯಕವಾದದ್ದು. ಚಿಕಿತ್ಸೆಯ ಫಲವನ್ನು ಉತ್ತಮಪಡಿಸುವ ನಾಲ್ಕು ಅಂಶಗಳನ್ನು ಅದು ಎತ್ತಿ ಹೇಳುತ್ತದೆ: ಮೊದಲೇ ಬೇರಿನ ತುದಿಯಲ್ಲಿ ರೋಗವಿಲ್ಲದಿರುವುದು, ತುಂಬಿದ್ದರಲ್ಲಿ ಟೊಳ್ಳು ಇಲ್ಲದಿರುವುದು, ತುಂಬುವಿಕೆ ತುದಿಯಿಂದ ೨ ಮಿಲಿಮೀಟರಿನೊಳಗೆ ಮುಟ್ಟಿರುವುದು, ಹಲ್ಲಿನ ಮೇಲ್ಭಾಗದ ಮುಚ್ಚಿಗೆ ಸಮರ್ಪಕವಾಗಿರುವುದು. ಈ ಪಟ್ಟಿಯಲ್ಲಿ ಯಾವ ವಿಧಾನದ ಹೆಸರೂ ಇಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಟೊಳ್ಳಿಲ್ಲದೆ ಸರಿಯಾದ ಉದ್ದಕ್ಕೆ ತುಂಬಲು ಬಲ್ಲ ಕೈಗೆ ಎಲ್ಲ ವಿಧಾನಗಳೂ ಒದಗುತ್ತವೆ.

ಇದರ ಕಾರಣ ರೋಗದ ಮೂಲದಲ್ಲಿಯೇ ಇದೆ. ೧೯೬೫ರಲ್ಲಿ ಕಾಕೆಹಾಶಿ ಮತ್ತು ಸಂಗಡಿಗರು ರೋಗಾಣುಗಳಿಲ್ಲದ ವಾತಾವರಣದಲ್ಲಿ ಬೆಳೆಸಿದ ಇಲಿಗಳ ಹಲ್ಲನ್ನು ಕೊರೆದು ತಿರುಳನ್ನು ತೆರೆದುಬಿಟ್ಟರು. ಸಾಮಾನ್ಯ ಇಲಿಗಳಲ್ಲಿ ತಿರುಳು ಕೊಳೆತುಹೋಯಿತು. ರೋಗಾಣುರಹಿತವಾದುವುಗಳಲ್ಲಿ ಅದು ಜೀವದಿಂದುಳಿದು ಗಾಯವನ್ನು ಮುಚ್ಚಿಕೊಳ್ಳತೊಡಗಿತು. ಶತ್ರು ರೋಗಾಣು, ಖಾಲಿ ಜಾಗವಲ್ಲ ಎಂಬುದು ಇದರಿಂದ ಸಿದ್ಧವಾಯಿತು. ೨೦೦೬ರಲ್ಲಿ ನಾಯಿಗಳ ಮೇಲೆ ನಡೆಸಿದ ಪ್ರಯೋಗವೊಂದರಲ್ಲಿ, ಚೆನ್ನಾಗಿ ತೊಳೆದು ಮೇಲೆ ಭದ್ರವಾಗಿ ಮುಚ್ಚಿದ ನಾಳಗಳು ಒಳಗೆ ತುಂಬದೆ ಬಿಟ್ಟಾಗಲೂ ತುಂಬಿದುವುಗಳಂತೆಯೇ ಮಾಯ್ದುವು. ಇದರಿಂದ ನಾಳವನ್ನು ತುಂಬುವುದು ಬೇಡವೆಂದು ಹೇಳುವುದು ದುಡುಕು. ಆ ಪ್ರಯೋಗದ ಅವಧಿ ಚಿಕ್ಕದು. ಆದರೆ ಸೋಡಿಯಂ ಹೈಪೊಕ್ಲೋರೈಟಿನಿಂದ ಒಳಗನ್ನು ತೊಳೆಯುವ ತಾಳ್ಮೆಗೂ ಮೇಲಿನ ಮುಚ್ಚಿಗೆಯ ಭದ್ರತೆಗೂ ಸಲ್ಲಬೇಕಾದ ಗಮನವನ್ನು ತುಂಬುವ ವಿಧಾನದ ಚರ್ಚೆಯೊಂದೇ ಕಬಳಿಸುವುದು ಸರಿಯಲ್ಲವೆಂಬ ಮಾತು ಅದರಿಂದ ಪುಷ್ಟಿಗೊಳ್ಳುತ್ತದೆ.

ಮೇಲಿನ ಮುಚ್ಚಿಗೆಯನ್ನು ಕುರಿತು ರೇ ಮತ್ತು ಟ್ರೋಪ್ ೧೯೯೫ರಲ್ಲಿ ಪ್ರಕಟಿಸಿದ ಅಧ್ಯಯನ ಪ್ರಸಿದ್ಧವಾದದ್ದು. ಅವರು ೧೦೧೦ ಹಲ್ಲುಗಳ ಕ್ಷಕಿರಣ ಚಿತ್ರಗಳನ್ನು ನೋಡಿದರು. ನಾಳವನ್ನು ತುಂಬಿದ್ದೂ ಮೇಲಿನ ಮುಚ್ಚಿಗೆಯೂ ಎರಡೂ ಚೆನ್ನಾಗಿದ್ದಲ್ಲಿ ಶೇಕಡ ೯೧.೪ ಹಲ್ಲುಗಳ ಬೇರಿನ ತುದಿ ನಿರೋಗವಾಗಿತ್ತು. ಎರಡೂ ಕೆಟ್ಟಿದ್ದಲ್ಲಿ ಈ ಪ್ರಮಾಣ ೧೮.೧. ತುಂಬಿದ್ದು ಕೆಟ್ಟಿದ್ದು ಮುಚ್ಚಿಗೆ ಚೆನ್ನಾಗಿದ್ದರೆ ೬೭.೬; ತುಂಬಿದ್ದು ಚೆನ್ನಾಗಿದ್ದು ಮುಚ್ಚಿಗೆ ಕೆಟ್ಟಿದ್ದರೆ ಕೇವಲ ೪೪.೧. ಮುಚ್ಚಿಗೆಯೇ ತುಂಬುವಿಕೆಗಿಂತ ಮಿಗಿಲೆಂಬ ಅವರ ನಿಷ್ಕರ್ಷೆಯನ್ನು ಮುಂದಿನ ಸಂಶೋಧಕರೆಲ್ಲ ಒಪ್ಪಿಲ್ಲ. ೨೦೦೦ದಲ್ಲಿ ಟ್ರೋನ್‌ಸ್ಟಾಡ್ ಮತ್ತು ಸಂಗಡಿಗರು ತುಂಬುವಿಕೆಗೇ ಹೆಚ್ಚಿನ ತೂಕ ಕೊಟ್ಟರು. ೨೦೧೧ರ ಪರಾಮರ್ಶೆಯೊಂದು ಎರಡಕ್ಕೂ ಸಮಾನ ಸ್ಥಾನವನ್ನಿತ್ತಿತು. ಈ ಕೊನೆಯ ಮತವೇ ನಮಗೆ ಸಮಂಜಸವಾಗಿ ತೋರುತ್ತದೆ. ಅದಲ್ಲದೆ, ನಾಳದ ಚಿಕಿತ್ಸೆಯಾದ ಮೇಲೆ ದಂತಕವಚವನ್ನು, ಎಂದರೆ ಜನ ‘ಕ್ಯಾಪ್’ ಎಂದು ಕರೆಯುವುದನ್ನು, ತೊಡಿಸದೆ ಬಿಟ್ಟ ಹಲ್ಲುಗಳು ತೊಡಿಸಿದವುಗಳ ಆರರಷ್ಟು ವೇಗದಿಂದ ನಷ್ಟವಾಗುತ್ತವೆಂದು ೨೦೦೨ರ ಅಧ್ಯಯನವೊಂದು ಹೇಳಿದೆ. ಸೋಲು ಬರುವುದು ರೋಗಾಣುವಿನಿಂದ ಮಾತ್ರವಲ್ಲ. ಟೊಳ್ಳಾದ ಹಲ್ಲು ಅಗಿಯುವಾಗ ಸೀಳಿಹೋಗುವುದರಿಂದಲೂ ಹೌದು. ಅಡಿಕೆ ಅಗಿಯುವ ನಾಡಿನಲ್ಲಿ ಇದನ್ನು ಒತ್ತಿ ಹೇಳಬೇಕಾದ ಅಗತ್ಯವಿಲ್ಲ.

ಈಗ ಕಾಫಿಯ ಬೆಟ್ಟಗಳಿಗೆ ಹಿಂದಿರುಗೋಣ. ಕಳಸದ ಕಡೆಯ ತೋಟವೊಂದರಲ್ಲಿ ಕೂಲಿಮಾಡುವ ಹೆಂಗಸೊಬ್ಬಳನ್ನು ಊಹಿಸಿಕೊಳ್ಳೋಣ. ಆಕೆಯ ದವಡೆಹಲ್ಲು ನವೆಂಬರಿನಲ್ಲಿ ನೋಯುತ್ತದೆ. ತಾಲ್ಲೂಕಿನ ಊರಿಗೆ ಬಂದು ನಾಳವನ್ನು ತೊಳೆಸಿ ತುಂಬಿಸಿಕೊಳ್ಳುತ್ತಾಳೆ. ವೈದ್ಯರು ತಾತ್ಕಾಲಿಕ ಮುಚ್ಚಳವಿಟ್ಟು ಮತ್ತೆ ಬರಹೇಳುತ್ತಾರೆ. ನೋವು ನಿಂತಿರುತ್ತದೆ, ಕುಯ್ಲು ನಿಂತಿರುವುದಿಲ್ಲ. ಫೆಬ್ರವರಿಯಲ್ಲಿ ಆಕೆ ಮತ್ತೆ ಬಂದರೆ ಸುಮಾರು ೯೦ ದಿನಗಳಾಗಿರುತ್ತವೆ. ೧೯೯೦ರಲ್ಲಿ ತೊರಾಬಿನೆಜಾದ್ ಮತ್ತು ಸಂಗಡಿಗರು ನಾಳ ತುಂಬಿದ ಹಲ್ಲುಗಳ ಮೇಲ್ಭಾಗವನ್ನು ಮುಚ್ಚದೆ ರೋಗಾಣುಗಳಿಗೆ ಒಡ್ಡಿದಾಗ, ಅರ್ಧದಷ್ಟು ನಾಳಗಳಲ್ಲಿ ಒಂದು ಬಗೆಯ ರೋಗಾಣು ೧೯ ದಿನಗಳಲ್ಲಿಯೂ ಇನ್ನೊಂದು ೪೨ ದಿನಗಳಲ್ಲಿಯೂ ಬೇರಿನ ತುದಿಯವರೆಗೆ ಇಳಿದಿದ್ದುವು. ಇದೂ ಕಿತ್ತ ಹಲ್ಲಿನ ಪ್ರಯೋಗವೇ, ನಾವೇ ಮೇಲೆ ಆಕ್ಷೇಪಿಸಿದ ಗುಂಪಿಗೆ ಸೇರಿದ್ದೇ ಎಂದು ವಾಚಕರು ಹೇಳಬಹುದು. ಒಪ್ಪತಕ್ಕ ಮಾತು. ಈ ದಿನಗಳ ಲೆಕ್ಕವನ್ನು ಬಾಯಿಗೆ ಹಾಗೆಯೇ ಅನ್ವಯಿಸುವುದು ಸಲ್ಲದು. ಆದರೆ ಇಲ್ಲಿ ಆ ಪ್ರಯೋಗ ಒಂಟಿಯಾಗಿಲ್ಲ. ಮುಚ್ಚಿಗೆ ಕೆಟ್ಟ ಹಲ್ಲುಗಳ ಸ್ಥಿತಿಯನ್ನು ರೋಗಿಗಳಲ್ಲಿಯೇ ಕಂಡು ಹೇಳಿದ ಅಧ್ಯಯನಗಳು ಅದರ ಹಿಂದಿವೆ. ತಾತ್ಕಾಲಿಕ ಮುಚ್ಚಳವೊಂದನ್ನು ನೆಚ್ಚಿ ಮೂರು ತಿಂಗಳು ಕಾಯುವುದು ಅಪಾಯವೆನ್ನುವುದಕ್ಕೆ ಇಷ್ಟು ಸಾಕು.

ಆದಕಾರಣ ನಮ್ಮ ಸೂಚನೆ ಇದು. ವಿಧಾನಗಳನ್ನು ಹೋಲಿಸುವಾಗ, ತೊಳೆಯುವುದು, ತುಂಬುವುದು, ಶಾಶ್ವತವಾಗಿ ಮುಚ್ಚುವುದು ಈ ಮೂರನ್ನೂ ರೋಗಿ ಬಂದ ದಿನವೇ, ಇಲ್ಲವೆ ಅತ್ಯಲ್ಪ ಭೇಟಿಗಳಲ್ಲಿ, ಮುಗಿಸಲು ಯಾವುದು ಅನುಕೂಲವಾಗಿದೆ ಎಂಬುದೂ ಒಂದು ಅಳತೆಗೋಲಾಗಬೇಕು. ಒಂದೇ ಭೇಟಿಯ ಚಿಕಿತ್ಸೆ ಕೀಳೆಂಬ ಭಾವನೆಗೆ ಆಧಾರವಿಲ್ಲ. ಕಾಕ್ರೇನ್ ಸಂಸ್ಥೆಯ ೨೦೧೬ರ ಪರಾಮರ್ಶೆ ಒಂದೇ ಭೇಟಿಗೂ ಹಲವು ಭೇಟಿಗಳಿಗೂ ಮಾಯುವಿಕೆಯಲ್ಲಿ ವ್ಯತ್ಯಾಸವನ್ನು ಕಾಣಲಿಲ್ಲ, ಚಿಕಿತ್ಸೆಯ ನಂತರದ ಕೆಲವು ದಿನಗಳ ನೋವು ಮಾತ್ರ ಮೊದಲನೆಯದರಲ್ಲಿ ಸ್ವಲ್ಪ ಹೆಚ್ಚಿರಬಹುದೆಂದಿತು.

ಈ ಅಳತೆಗೋಲಿನಿಂದ ನೋಡಿದರೆ ಒಂದೇ ಕಡ್ಡಿಯ ವಿಧಾನಕ್ಕೆ ಅನುಕೂಲವಿದೆ. ಅದರ ಕೆಲಸ ಬೇಗ ಮುಗಿಯುತ್ತದೆ, ಉಳಿದ ಹೊತ್ತನ್ನು ತೊಳೆಯುವುದಕ್ಕೂ ಮುಚ್ಚುವುದಕ್ಕೂ ಕೊಡಬಹುದು. ಅದರ ಕೊರತೆಗಳನ್ನೂ ಹೇಳಬೇಕು: ಗಟ್ಟಿಯಾದ ಲೇಪವನ್ನು ಮರುಚಿಕಿತ್ಸೆಯ ಕಾಲದಲ್ಲಿ ತೆಗೆಯುವುದು ಪ್ರಯಾಸ, ಲೇಪದ ಬೆಲೆ ಹೆಚ್ಚು, ದೀರ್ಘಕಾಲದ ಸಾಕ್ಷ್ಯ ಇನ್ನೂ ಸಾಲದು. ಪಾರ್ಶ್ವಸಂಮರ್ದನಕ್ಕೆ ವಿಶೇಷ ಯಂತ್ರ ಬೇಡ, ಮಳೆಗಾಲದಲ್ಲಿ ವಿದ್ಯುತ್ತು ಹೋದರೂ ಕೈ ನಿಲ್ಲುವುದಿಲ್ಲ. ಆದರೆ ಬಿರುಕಿನ ಶಂಕೆಯುಳ್ಳ ಬೇರಿನಲ್ಲಿ ಪಕ್ಕಕ್ಕೆ ಒತ್ತುವ ಬಲವನ್ನು ಎಚ್ಚರದಿಂದ ಬಳಸಬೇಕು. ಕಾಸುವ ವಿಧಾನ ವಕ್ರವೂ ಕವಲೊಡೆದದ್ದೂ ಆದ ನಾಳದಲ್ಲಿ ಚೆನ್ನಾಗಿ ಹರಡಿಕೊಳ್ಳುತ್ತದೆ. ಅದಕ್ಕೆ ಉಪಕರಣವೂ ಬಹುಕಾಲದ ಅಭ್ಯಾಸವೂ ಬೇಕು. ಇವುಗಳಲ್ಲಿ ಒಂದನ್ನೇ ಎಲ್ಲರೂ ಅನುಸರಿಸಬೇಕೆಂದು ನಾವು ಹೇಳುವುದಿಲ್ಲ. ತಾನು ಚೆನ್ನಾಗಿ ಬಲ್ಲ ವಿಧಾನದಿಂದ ತುಂಬಿ, ಆ ದಿನವೇ ಹಲ್ಲನ್ನು ಭದ್ರವಾಗಿ ಮುಚ್ಚಿ ಕಳುಹಿಸುವ ವೈದ್ಯನು, ಅತ್ಯಾಧುನಿಕ ವಿಧಾನದಿಂದ ತುಂಬಿ ತಾತ್ಕಾಲಿಕ ಮುಚ್ಚಳದೊಡನೆ ಕಳುಹಿಸುವವನಿಗಿಂತ ಈ ರೋಗಿಗೆ ಹೆಚ್ಚಿನ ಉಪಕಾರ ಮಾಡಿದಂತಾಗುತ್ತದೆ ಎಂಬುದಷ್ಟೇ ನಮ್ಮ ವಾದ. ಕವಚಕ್ಕೆ ಹಣವಾಗಲಿ ಸಮಯವಾಗಲಿ ಒದಗದಿದ್ದಲ್ಲಿ, ಹಲ್ಲಿನ ದುರ್ಬಲವಾದ ಮೊನೆಗಳನ್ನು ತಗ್ಗಿಸಿ ಅವುಗಳ ಮೇಲೆಯೇ ಬರುವಂತೆ ಹಲ್ಲಿಗಂಟುವ ಭರ್ತಿಯನ್ನು ಮಾಡುವುದು ಸಾಧ್ಯವಾದ ಮಧ್ಯಮಮಾರ್ಗ.

ಇದು ಬಡವರಿಗೊಂದು, ಉಳ್ಳವರಿಗೊಂದು ಶಾಸ್ತ್ರವನ್ನು ಮಾಡಿದಂತಾಗಲಿಲ್ಲವೇ ಎಂಬ ಆಕ್ಷೇಪ ಬರಬಹುದು. ನಮ್ಮ ಅಭಿಪ್ರಾಯ ಇದಕ್ಕೆ ವಿರುದ್ಧವಾದದ್ದು. ೨೦೦೪ರಲ್ಲಿ ಅಮೆರಿಕದ ಸುಮಾರು ೧೪ ಲಕ್ಷಕ್ಕೂ ಹೆಚ್ಚು ಹಲ್ಲುಗಳ ದಾಖಲೆಗಳಿಂದ, ಚಿಕಿತ್ಸೆಯಾದ ೮ ವರ್ಷಗಳ ಮೇಲೂ ಶೇಕಡ ೯೭ ಹಲ್ಲುಗಳು ಉಳಿದಿದ್ದುವೆಂದು ತಿಳಿದುಬಂತು. ಕಿತ್ತುಹಾಕಬೇಕಾದವುಗಳಲ್ಲಿ ಶೇಕಡ ೮೫ಕ್ಕೆ ಪೂರ್ಣಕವಚವಿರಲಿಲ್ಲ. ಅವರು ದಂತವಿಮೆಯುಳ್ಳವರು. ಅವರ ಸಫಲತೆಯ ಸಂಖ್ಯೆಯನ್ನು ಉದಾಹರಿಸಿ, ಅವರಿಗೆ ದೊರೆತ ಕವಚವನ್ನೂ ಮರುಭೇಟಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳದೆ ಕಳಸದ ರೋಗಿಗೆ ಅದೇ ಫಲವನ್ನು ವಾಗ್ದಾನ ಮಾಡುವುದು ನ್ಯಾಯವಲ್ಲ. ಎಲ್ಲರಿಗೂ ಒಂದೇ ಫಲ ದೊರೆಯಬೇಕಾದರೆ ದಾರಿಯಲ್ಲಿ ಇರುವ ಭೇದವನ್ನು ಮೊದಲು ಗುರುತಿಸಬೇಕು.

ಇನ್ನು ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಒಂದು ಮಾತು. ಸೋರಿಕೆಯ ಪರೀಕ್ಷೆಗಳಿಗೆ ಬೇಕಾಗುವ ಹಲ್ಲುಗಳು ಕಿತ್ತ ಹಲ್ಲುಗಳು. ಅವುಗಳಲ್ಲಿ ಎಷ್ಟೋ, ಉಳಿಸಿಕೊಳ್ಳುವುದಕ್ಕೆ ಹಣವೂ ದಿನಗಳೂ ಸಾಲದೆ ಹೋದವರವು. ಅವರ ಹಲ್ಲುಗಳ ಮೇಲೆ, ಹಲ್ಲನ್ನು ಉಳಿಸುವ ವಿಧಾನಗಳ ತಾರತಮ್ಯವನ್ನು ನಿರ್ಣಯಿಸುತ್ತ ಕುಳಿತಿರುವಾಗ ಈ ಸಂಗತಿ ಮನಸ್ಸಿಗೆ ಬರಬೇಕು. ವೃದ್ಧರಾದ ಬಡವರಿಗೆ ಉಚಿತವಾಗಿ ಕೃತಕದಂತಪಂಕ್ತಿಯನ್ನು ಕೊಡುವ ‘ದಂತ ಭಾಗ್ಯ’ ಯೋಜನೆಯನ್ನು ಕರ್ನಾಟಕ ಸರ್ಕಾರ ೨೦೧೦ರ ದಶಕದಲ್ಲಿ ಜಾರಿಗೆ ತಂದದ್ದು ಸ್ತುತ್ಯವೇ; ಆದರೆ ಆ ನೆರವು ಹಲ್ಲೆಲ್ಲ ಹೋದ ಮೇಲೆ ಬರುವಂಥದು. ಅದಕ್ಕೆ ಮುಂಚಿನ ಘಟ್ಟದಲ್ಲಿ ಮಾಡಬಹುದಾದ ಸಂಶೋಧನೆ ನಮ್ಮ ಕೈಗೆಟುಕುವಂತೆಯೇ ಇದೆ. ಅದಕ್ಕೆ ದೊಡ್ಡ ಯಂತ್ರಗಳು ಬೇಡ. ಘಟ್ಟದ ಮೇಲಿನಿಂದ ಬಂದ ಪ್ರತಿಯೊಬ್ಬ ರೋಗಿಯ ವಿಷಯದಲ್ಲಿಯೂ ಯಾವ ವಿಧಾನದಿಂದ ನಾಳವನ್ನು ತುಂಬಿತು, ಎಷ್ಟು ಭೇಟಿಗಳಾದುವು, ಶಾಶ್ವತ ಮುಚ್ಚಿಗೆಯಾದದ್ದು ಎಷ್ಟನೆಯ ದಿನ, ರೋಗಿ ಬಂದ ದೂರವೆಷ್ಟು, ಎರಡು ಮತ್ತು ನಾಲ್ಕು ವರ್ಷಗಳ ಮೇಲೆ ಹಲ್ಲು ಬಾಯಲ್ಲಿದೆಯೇ ಎಂಬ ಐದು ಸಂಗತಿಗಳನ್ನು ಬರೆದಿಡಬೇಕು. ಒಂದು ತೋಟದಿಂದ ಇನ್ನೊಂದಕ್ಕೆ ಹೋಗುತ್ತಿರುವ ವಲಸೆಯ ಕೂಲಿಕಾರರನ್ನು ಹಿಂಬಾಲಿಸುವುದು ಕಷ್ಟವಾದೀತು. ಅವರನ್ನು ಲೆಕ್ಕದಿಂದ ಬಿಟ್ಟರೆ ಮಾತ್ರ ಫಲವು ಸುಳ್ಳಾಗಿ ಸುಂದರವಾಗುತ್ತದೆ.

ಇಂತಹ ದಾಖಲೆ ಹತ್ತು ವರ್ಷ ನಡೆದರೆ, ವಿಧಾನಗಳ ಹೋಲಿಕೆಗೆ ಈಗಿಲ್ಲದ ಆಧಾರವೊಂದು ಒದಗುತ್ತದೆ. ಆಗ ಪಾರ್ಶ್ವಸಂಮರ್ದನವೋ ಒಂದೇ ಕಡ್ಡಿಯೋ ಎಂಬ ಪ್ರಶ್ನೆಗೆ ಮೂಡಿಗೆರೆಯ ವೈದ್ಯರಿಗೆ ಉಪಯೋಗವಾಗುವ ಉತ್ತರವನ್ನು ನಾವು ಹೇಳಬಲ್ಲೆವು. ಅಲ್ಲಿಯವರೆಗೆ, ಹಲ್ಲನ್ನು ತುಂಬಿದ ದಿನವೇ ಮುಚ್ಚಿ ಕಳುಹಿಸುವುದನ್ನು ನಮ್ಮ ಚಿಕಿತ್ಸಾಲಯಗಳು ನಿಯಮವಾಗಿ ಇಟ್ಟುಕೊಳ್ಳುವುದು ಲೇಸು.